ಸಿನಿಮಾದವರ ಸೇತುವೆ

ಜುಲೈ 3, ಬುಧವಾರ

ಇವತ್ತೂ ತಟ್ಟೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ಕ್ಯೂ ನಿಂತೆ. ನನ್ನ ಮುಂದೆಯೂ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ದೊಡ್ಡಮ್ಮ ಸೌಟು ಹಿಡಿದೇ ತಿರುಗಿ, "ಕೂತ್ಕೊಳ್ಳೇ ತಾಯಿ, ಇಲ್ಲಿ ಯಾರೂ ಕೂಪನ್ ಕೇಳಲ್ಲ" ಅಂದರು. ಮುಂದಿನ ಕೋಣೆಯಲ್ಲಿ ದೊಡ್ಡಪ್ಪ ಹೊಲಿಗೆ ಮೆಷಿನ್ ನಿಲ್ಲಿಸಿ, "ಹಾಸ್ಟೆಲ್ಲಿಗೆ ಒಂದು ಸೌಟು ಜಾಸ್ತಿ ಹಾಕು" ಎಂದು ಕೂಗಿದರು. ಹಾಸ್ಟೆಲ್ ಅಂದರೆ ನಾನು. ಬಂದು ವಾರವಾಗಿಲ್ಲ, ಆಗಲೇ ಹೆಸರಿಟ್ಟಾಗಿದೆ.

ಮೂರನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳಿಗೆ ಮನೆ ಅನ್ನುವುದು ಬಹಳ ಕನ್ಫ್ಯೂಸಿಂಗ್. ಬೆಲ್ ಇಲ್ಲ. ಯಾವಾಗ ಏಳಬೇಕು, ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಯಾರೂ ಹೇಳುವುದಿಲ್ಲ. ಕಾಲೇಜ್ ಹಾಸ್ಟೆಲ್‌ನಲ್ಲಿ ರೂಮ್ ಸಿಕ್ಕಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಅಜ್ಜಿಗೆ, "ನಿಮಗೆ ನೀರು ಬೇಕಾ, ಪ್ಲೀಸ್?" ಎಂದು ಕೇಳಿದೆ. ಅಜ್ಜಿ ಹಿಂದೆ ತಿರುಗಿ ನೋಡಿದರು. "ನಿಮಗೆ ಅಂದ್ರೆ ಯಾರಿಗೆ? ನನ್ನ ಹಿಂದೆ ಇನ್ಯಾರಾದ್ರೂ ಇದಾರಾ?"

ಕಾಲೇಜಿಗೆ ಮೊದಲ ದಿನವೇ ಲೇಟು. ಬಸ್ ಸ್ಟಾಪ್ ನಮ್ಮ ಮನೆ ಕಿಟಕಿಯಿಂದಲೇ ಕಾಣುತ್ತದೆ, ಆದರೆ ಮೋರಿಯ ಆಚೆ ದಡದಲ್ಲಿ. ಮೋರಿ ಅಂದರೆ ದಾಟಿ ಜಿಗಿಯುವಂಥದ್ದಲ್ಲ, ಒಂದು ಲಾರಿ ಬಿದ್ದರೆ ಕಾಣದಷ್ಟು ಆಳ. ಮೇಲಿದ್ದ ಕಾಲುಸೇತುವೆ ಹಿಂದಿನ ಯಾವುದೋ ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗಿದೆ. ಈಗ ಇಡೀ ಮಾರ್ಕೆಟ್ ಸುತ್ತಿ, ಗೋಡೌನ್‌ಗಳನ್ನು ದಾಟಿ, ಆಚೆ ದಡದಲ್ಲಿ ಅಷ್ಟೇ ದೂರ ವಾಪಸ್ ನಡೆಯಬೇಕು. ಲೆಕ್ಚರರ್ "ವೈ ಲೇಟ್?" ಅಂದರು. ಇಂಗ್ಲಿಷಿನಲ್ಲಿ ಹೇಳೋಣವೆಂದರೆ ಮೋರಿಗೆ ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಕನ್ನಡದಲ್ಲಿ ಹೇಳೋಣವೆಂದರೆ ವಾಕ್ಯವನ್ನು ಎಲ್ಲಿಂದ ಹಿಡಿಯುವುದೋ ತಿಳಿಯಲಿಲ್ಲ. ಬಾಗಿಲ ಹೊರಗೆ ನಿಂತೆ. ಇದೇ ತಿಂಗಳು ಪ್ರತಿಯೊಬ್ಬರೂ ಕ್ಲಾಸ್ ಎದುರು ಸೆಮಿನಾರ್ ಕೊಡಬೇಕಂತೆ. ನೋಟಿಸ್ ಓದಿದ ಕ್ಷಣದಿಂದ ಹೊಟ್ಟೆ ಕೆಟ್ಟಿದೆ.

ಜುಲೈ 5, ಶುಕ್ರವಾರ

ಹೊಟ್ಟೆ ಕೆಟ್ಟಿದ್ದು ನನ್ನ ಪ್ರೈವೇಟ್ ವಿಷಯ ಎಂದುಕೊಂಡಿದ್ದೆ.

ಅಜ್ಜಿಯ ತಂಗಿ ಮನೆ ಮೋರಿಯ ಆಚೆ, ನಮ್ಮ ಮನೆಗೆ ನೇರ ಎದುರು. ಅಜ್ಜಿಯ ಮಂಡಿಗೆ ಮಾರ್ಕೆಟ್ ಸುತ್ತುವ ಶಕ್ತಿಯಿಲ್ಲ, ಚಿಕ್ಕಜ್ಜಿಗೆ ಕಣ್ಣು ಮಂಜು. ಸೇತುವೆ ಹೋದಾಗಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿಲ್ಲ. ಬೆಳಿಗ್ಗೆ ಸಂಜೆ ತಮ್ಮ ತಮ್ಮ ಜಗಲಿಯಲ್ಲಿ ನಿಂತು ಕೂಗಾಡುತ್ತಾರೆ. ಇವತ್ತು ನಾನು ಆಚೆ ದಡದ ಬಸ್ ಸ್ಟಾಪಿನಲ್ಲಿ ಸೀನಿಯರ್‌ಗಳ ಜೊತೆ ನಿಂತಿದ್ದಾಗ ಚಿಕ್ಕಜ್ಜಿ ಕೂಗಿದರು:

"ಅಕ್ಕಾ! ನಿನ್ನ ಮೊಮ್ಮಗಳಿಗೆ ಹೊಟ್ಟೆ ಕಟ್ತೇನೇ?"

"ಇನ್ನೂ ಇಲ್ಲ ಕಣೇ! ಬೆಳಿಗ್ಗೆಯಿಂದ ಮೂರು ಸಲ ಆಯ್ತು!"

ಬಸ್ ಸ್ಟಾಪಿನಲ್ಲಿ ಎಲ್ಲರೂ ನನ್ನ ಕಡೆ ಕರುಣೆಯಿಂದ ನೋಡಿದರು.

ಜುಲೈ 9, ಮಂಗಳವಾರ

ಮೋರಿ ದಂಡೆಯಲ್ಲಿ ಹೊಸ ಸೇತುವೆಗೆಂದು ಹಾಕಿದ ಮೂರು ಅಡಿಗಲ್ಲುಗಳಿವೆ. ಮೂರರಲ್ಲೂ ನಮ್ಮ ವಾರ್ಡಿನ ಮೆಂಬರ್ರ ಹೆಸರು, ಮೂರು ಬೇರೆ ಬೇರೆ ಎಲೆಕ್ಷನ್ನಿನ ವರ್ಷ. ಒಂದರ ಮೇಲೆ ದೊಡ್ಡಮ್ಮ ಬಟ್ಟೆ ಒಗೆಯುತ್ತಾರೆ. ಒಂದಕ್ಕೆ ಇಸ್ತ್ರಿಯವನು ತನ್ನ ಗಾಡಿ ಉರುಳದಂತೆ ಚಕ್ರ ಆನಿಸಿದ್ದಾನೆ. ಮೂರನೆಯದು ನಾಯಿಯದು.

ಇವತ್ತು ಅಲ್ಲಿ ಒಂದು ವ್ಯಾನ್ ಬಂದು ನಿಂತಿತು. ನಾಲ್ಕು ಜನ ಇಳಿದು ಕೈಯನ್ನು ಚೌಕ ಮಾಡಿ ಅದರೊಳಗಿಂದ ನಮ್ಮ ಬೀದಿಯನ್ನು ನೋಡತೊಡಗಿದರು. ಸರ್ವೆಯವರೆಂದು ತಿಳಿದು ದೊಡ್ಡಪ್ಪ ಓಡಿ ಹೋಗಿ ಸೇತುವೆ ಬಗ್ಗೆ ಮನವಿ ಸಲ್ಲಿಸಿಯೇಬಿಟ್ಟರು. ಅವರಲ್ಲಿ ಒಬ್ಬರು ಸಿನಿಮಾ ಡೈರೆಕ್ಟರ್. ಮನವಿ ಕೇಳಿ, "ಅದ್ಭುತ! ಇದೇ ಟೋನ್ ಬೇಕು. ಸಾರ್, ನೀವು ಆ್ಯಕ್ಟ್ ಮಾಡ್ತೀರಾ?" ಅಂದರು.

ಕಾಮಿಡಿ ಸಿನಿಮಾ ಅಂತೆ. ಒಂದು ಬೀದಿ, ಒಂದು ಮೋರಿ, ಸೇತುವೆ ಕಟ್ಟಿಸದ ಒಬ್ಬ ಮೆಂಬರ್, ಜನರ ಹೋರಾಟ. ನಮ್ಮ ಬೀದಿಯನ್ನೇ ಯಾಕೆ ಆರಿಸಿದಿರಿ ಎಂದು ದೊಡ್ಡಪ್ಪ ಕೇಳಿದರು.

"ಇಷ್ಟು ಹಾಳಾದ ಜಾಗ ಸೆಟ್ ಹಾಕಿದ್ರೂ ಸಿಗಲ್ಲ ಸಾರ್."

ಸಂಜೆಯೊಳಗೆ ಇಡೀ ಬೀದಿ ಈ ಮಾತನ್ನು ಎದೆ ಉಬ್ಬಿಸಿಕೊಂಡು ಒಬ್ಬರಿಗೊಬ್ಬರು ಹೇಳಿಕೊಂಡಿತು.

ಜುಲೈ 16, ಮಂಗಳವಾರ

ಮೂರು ಎಲೆಕ್ಷನ್ನಿನಲ್ಲಿ ಆಗದ ಸೇತುವೆಯನ್ನು ಸಿನಿಮಾದವರು ಒಂದು ವಾರದೊಳಗೆ ಎಬ್ಬಿಸಿ ನಿಲ್ಲಿಸಿದ್ದಾರೆ. ಒಳಗೆ ಕಬ್ಬಿಣದ ಪೈಪು, ಮೇಲೆ ಮರದ ಹಲಗೆ, ಅದರ ಮೇಲೆ ಸಿಮೆಂಟ್ ಬಣ್ಣ. ಮುಟ್ಟಿ ನೋಡಿದರೆ ಮಾತ್ರ ಮರವೆಂದು ಗೊತ್ತಾಗುತ್ತದೆ. ಗಟ್ಟಿ ಇದೆಯಾ ಎಂದು ಆರ್ಟ್ ಡೈರೆಕ್ಟರನ್ನು ಕೇಳಬೇಕೆಂದು ಅರ್ಧ ಗಂಟೆ ಪ್ರಿಪೇರ್ ಮಾಡಿಕೊಂಡು ಹೋಗಿ, ಕೇಳದೆ ವಾಪಸ್ ಬಂದೆ. ಆಮೇಲೆ ದೊಡ್ಡಮ್ಮ ಕೇಳಿದರು. "ನಲವತ್ತು ಜನ ಕುಣಿಯೋಕೆ ಅಂತ ಕಟ್ಟಿದ್ದು ಮೇಡಂ. ಮುನಿಸಿಪಾಲಿಟಿ ಸೇತುವೆ ಥರ ನಡೆಯೋಕೆ ಮಾತ್ರ ಅಲ್ಲ" ಎಂದು ಆತನಿಗೆ ಬೇಜಾರೇ ಆಯಿತು.

ಸಂಜೆ ಅಜ್ಜಿ ಸೀರೆ ಬದಲಾಯಿಸಿದರು. ತಲೆ ಬಾಚಿಕೊಂಡರು. "ಏ ಹಾಸ್ಟೆಲ್, ಕೈ ಕೊಡು" ಅಂದರು. ನನ್ನ ಕೈ ಹಿಡಿದು ಸೇತುವೆ ದಾಟಿದರು. ನಡುವೆ ಒಮ್ಮೆ ನಿಂತು ಕೆಳಗೆ ಮೋರಿಯನ್ನು ನೋಡಿ, "ಇಷ್ಟೇನಾ ಇದು" ಅಂದರು. ಆಚೆ ಚಿಕ್ಕಜ್ಜಿ ಬಾಗಿಲಲ್ಲಿ ನಿಂತು ಯಾರು ಬಂದಿದ್ದೆಂದು ಕಾಣದೆ, "ಯಾರದು?" ಅಂದರು. ಅಜ್ಜಿ ಹತ್ತಿರ ಹೋಗಿ ನಿಂತರು. ಚಿಕ್ಕಜ್ಜಿ ಕೈ ಚಾಚಿ ಅಜ್ಜಿಯ ಮುಖ ಮುಟ್ಟಿ ಮುಟ್ಟಿ ನೋಡಿ, "ಎಷ್ಟು ಇಳಿದುಹೋಗಿದೀಯೇ ಅಕ್ಕಾ" ಅಂದರು.

ಆಮೇಲೆ ಇಬ್ಬರೂ ಮಂಡಿಗೆ ಮಂಡಿ ತಾಗಿಸಿ ಕುಳಿತು ಕಿರುಚಿಕೊಂಡೇ ಮಾತಾಡಿದರು. ಅಭ್ಯಾಸ. ನನ್ನ ಕಿವಿ ಇನ್ನೂ ಗುಯ್‌ಗುಡುತ್ತಿದೆ.

ಜುಲೈ 18, ಗುರುವಾರ

ಡಿಸಾಸ್ಟರ್. ಸಿನಿಮಾದ ಸೇತುವೆ ಹಳೆಯದಾಗಿ ಕಾಣಬೇಕೆಂದು ಆರ್ಟ್ ಡೈರೆಕ್ಟರ್ ಮೊನ್ನೆ ರಾತ್ರಿಯಿಡೀ ಕೂತು ಅದರ ಮೇಲೆ ಪಾಚಿ, ತುಕ್ಕು, ಬಿರುಕು ಎಲ್ಲ ಬಣ್ಣದಲ್ಲಿ ಬರೆದಿದ್ದ. ನೆನ್ನೆ ಅರ್ಧ ಸೀನ್ ಶೂಟ್ ಆಗಿತ್ತು. ಇವತ್ತು ಬೆಳಿಗ್ಗೆ ದೊಡ್ಡಮ್ಮನೂ ಬೀದಿಯ ಹೆಂಗಸರೂ ಬಕೆಟ್ಟು, ಬ್ರಷ್ಷು ತೆಗೆದುಕೊಂಡು ಹೋಗಿ ಪಾಚಿಯನ್ನೆಲ್ಲ ತಿಕ್ಕಿ ತೊಳೆದುಬಿಟ್ಟಿದ್ದಾರೆ. ತೆರೆಯ ಮೇಲೆ ಊರೆಲ್ಲ ನೋಡುವ ಸೇತುವೆ ಹೀಗಿದ್ದರೆ ನಮ್ಮ ಮರ್ಯಾದೆ ಏನಾಗಬೇಕು ಎಂಬುದು ಅವರ ವಾದ. ಆರ್ಟ್ ಡೈರೆಕ್ಟರ್ ಮೂರನೇ ಅಡಿಗಲ್ಲಿನ ಮೇಲೆ ತಲೆ ಹಿಡಿದು ಕುಳಿತ. ನಾಯಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಿತು.

ಅಸಿಸ್ಟೆಂಟ್ ಡೈರೆಕ್ಟರ್ ಒಬ್ಬಳು ಇದ್ದಾಳೆ, ಕೈಯಲ್ಲಿ ಯಾವಾಗಲೂ ಮೆಗಾಫೋನ್. ಊಟ ಮಾಡುವಾಗ "ಉಪ್ಪು ಕೊಡಿ" ಎನ್ನುವುದೂ ಅದರಲ್ಲೇ. ಮೆಗಾಫೋನ್ ಅಕ್ಕ ಅನ್ನುತ್ತಾರೆ. ಅವಳು, "ನೆನ್ನೆ ಇಲ್ಲಿ ಯಾರು ಎಲ್ಲಿ ನಿಂತಿದ್ರು, ಪಾಚಿ ಎಲ್ಲೆಲ್ಲಿ ಇತ್ತು, ಯಾರಾದ್ರೂ ನೋಡಿದೀರಾ?" ಎಂದು ಕೂಗಿದಳು. ನಾನು ನೋಡಿದ್ದೆ. ಟೆನ್ಷನ್ ಆದಾಗ ಎದುರಿಗಿರುವುದನ್ನೆಲ್ಲ ನೋಡಿ ನೋಡಿ ಬಾಯಿಪಾಠ ಮಾಡುವುದು ನನ್ನ ಹಳೇ ಹ್ಯಾಬಿಟ್. ಹೇಳಲು ಧೈರ್ಯವಿರಲಿಲ್ಲ, ಆದರೆ ದೊಡ್ಡಪ್ಪ ನನ್ನನ್ನು ಮುಂದಕ್ಕೆ ತಳ್ಳಿದರು. "ಇವಳು ಹಾಸ್ಟೆಲ್. ತಟ್ಟೆಗಳ ನಂಬರ್ ಸಮೇತ ಹೇಳ್ತಾಳೆ."

ಹೀಗೆ ನಾನು ಕಂಟಿನ್ಯುಟಿ ಡಿಪಾರ್ಟ್‌ಮೆಂಟ್ ಆದೆ. ಕೆಲಸ ಇಷ್ಟೇ: ನೆನ್ನೆ ನಿಂತವರನ್ನು ಇವತ್ತೂ ಅದೇ ಬಟ್ಟೆಯಲ್ಲಿ, ಅದೇ ಜಾಗದಲ್ಲಿ ನಿಲ್ಲಿಸುವುದು. ಅಂದರೆ ಬೀದಿಯ ಪ್ರತಿಯೊಬ್ಬರ ಜೊತೆ ಮಾತಾಡುವುದು. ರಾತ್ರಿ ನಿದ್ದೆ ಬರಲಿಕ್ಕಿಲ್ಲ.

ಜುಲೈ 24, ಬುಧವಾರ

ಹೋರಾಟದ ಸೀನ್. ಬೀದಿಯವರಿಗೆ ಹೋರಾಡಲು ಬರುವುದೇ ಇಲ್ಲವೆಂದು ಗೊತ್ತಾಯಿತು. ಮೊದಲ ಟೇಕಿನಲ್ಲಿ ಸಿನಿಮಾ ಮೆಂಬರ್ರ, ಅಂದರೆ ಆ ಪಾತ್ರ ಮಾಡುವ ನಟನ, ಕಾರು ಬಂದಾಗ ಎಲ್ಲರೂ ಧಿಕ್ಕಾರ ಕೂಗುತ್ತಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಎರಡನೆಯದರಲ್ಲಿ ಇಸ್ತ್ರಿಯವನು ಕಾರಿನ ಬಾಗಿಲು ತೆಗೆದು ಕೊಟ್ಟ. ಮೆಗಾಫೋನ್ ಅಕ್ಕ ತಲೆ ಚಚ್ಚಿಕೊಂಡಳು. "ಆ್ಯಕ್ಷನ್ ಅಂದ ತಕ್ಷಣ ಅಡ್ಡ ನಿಲ್ಲಿ, ಕೂಗಿ! ಕಟ್ ಅಂದ ತಕ್ಷಣ ನಿಲ್ಲಿಸಿ! ಕಟ್ ಆದ್ಮೇಲೇನೇ ಟೀ!"

ಟೀ ಎಂದ ಮೇಲೆ ಬಹಳ ಬೇಗ ಕಲಿತರು. ಸಂಜೆ ಹೊತ್ತಿಗೆ "ಆ್ಯಕ್ಷನ್" ಎಂದರೆ ಮೈಮೇಲೆ ಬಂದಂತೆ ಕೂಗುತ್ತಾರೆ, "ಕಟ್" ಎಂದರೆ 'ಧಿಕ್ಕಾ' ವರೆಗೆ ಬಂದದ್ದನ್ನು ಅಲ್ಲೇ ನುಂಗಿ ಟೀ ಡ್ರಮ್ಮಿನ ಕಡೆ ನಡೆಯುತ್ತಾರೆ.

ಇಸ್ತ್ರಿಯವನು ನೆನ್ನೆಯ ಅಂಗಿ ಹಾಕದೆ ಬಂದಿದ್ದ. "ಏನ್ರೀ ಇದು, ಊರಿನ ಬಟ್ಟೆಗೆಲ್ಲ ಇಸ್ತ್ರಿ ಹಾಕ್ತೀರಾ, ನಿಮ್ಮ ಅಂಗಿ ಎಲ್ಲಿ? ಹೋಗಿ ಹಾಕ್ಕೊಂಡು ಬನ್ನಿ" ಎಂದು ಕಳಿಸಿದೆ. ಅಜ್ಜಿಯನ್ನು ಎರಡನೇ ಸಾಲಿನಲ್ಲಿ ಕೂರಿಸಿದರೆ ಮೊದಲ ಸಾಲಿಗೆ ಬರುತ್ತಾಳೆ. "ಅಜ್ಜಿ, ನೆನ್ನೆ ನೀನು ಅಲ್ಲಿದ್ದೆ, ಜರುಗು" ಎಂದೆ. "ನೆನ್ನೆ ಬಿಸಿಲಿತ್ತು ಕಣೇ" ಅಂದಳು.

ಸೆಮಿನಾರ್ ನನ್ನದೇ ಮೊದಲು ಬಂತು. ಮಧ್ಯಾಹ್ನ ಇಸ್ತ್ರಿಯವನ ಕ್ಲೋಸಪ್ ಇತ್ತಾದ್ದರಿಂದ ಬೇಗ ಮುಗಿಸಿ ಓಡಿ ಬಂದೆ.

ಜುಲೈ 26, ಶುಕ್ರವಾರ

ಬೀದಿಯವರು ಸಿನಿಮಾ ಮೆಂಬರ್ರಿಗೆ ನಿಜವಾದ ದೂರು ಕೊಡಲು ಶುರುಮಾಡಿದ್ದಾರೆ. ಆತ ಹಾಸ್ಯ ನಟ, ಪಾಪ, ಮೇಕಪ್ ಒಣಗಲೆಂದು ಕುರ್ಚಿಯಲ್ಲಿ ಕೂತಿರುತ್ತಾರೆ. ಎದುರಿಗೆ ಕ್ಯೂ. ನಲ್ಲಿಯಲ್ಲಿ ನೀರಿಲ್ಲ, ಕಸದ ಗಾಡಿ ಬರುತ್ತಿಲ್ಲ. ಆತ ಎಲ್ಲವನ್ನೂ ಕೇಳಿ "ಛೆ ಛೆ" ಅನ್ನುತ್ತಾರೆ. "ನಕಲಿ ಅಂತ ಗೊತ್ತಲ್ಲ, ಮತ್ತೆ ಯಾಕೆ ಹೇಳ್ತೀಯಾ?" ಎಂದು ದೊಡ್ಡಮ್ಮನನ್ನು ಕೇಳಿದೆ. "ಅಸಲಿಯವನು 'ಛೆ' ಅಂತಾನೂ ಅನ್ನಲ್ವಲ್ಲೇ" ಅಂದಳು.

ಜುಲೈ 29, ಸೋಮವಾರ

ಅಸಲಿ ಮೆಂಬರ್ರಿಗೆ ಈ ಸುದ್ದಿ ಮುಟ್ಟಿರಬೇಕು. ಇವತ್ತು ಅವರೇ ಬಂದರು. ಜೊತೆಗೆ ತಲೆ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡ ಅವರ ಪಿ.ಎ., ಒಬ್ಬ ಫೋಟೋಗ್ರಾಫರ್, ಒಂದು ರಿಬ್ಬನ್, ಒಂದು ಕತ್ತರಿ. ಡೈರೆಕ್ಟರ್ ತಡೆಯಲಿಲ್ಲ, ಶೂಟಿಂಗ್ ಪರ್ಮಿಷನ್ ಮೆಂಬರ್ರ ಕೈಯಲ್ಲಿದೆ. ಮೆಂಬರ್ರು ಸಿನಿಮಾ ಸೇತುವೆಗೆ ರಿಬ್ಬನ್ ಕಟ್ಟಿ, ತಾವೇ ಕತ್ತರಿಸಿ, ತಾವೇ ಚಪ್ಪಾಳೆ ತಟ್ಟಿ ಹೋದರು. ಹೋಗುವ ಮೊದಲು ಪಿ.ಎ. ಸೇತುವೆಗೆ ಅಡ್ಡಲಾಗಿ ದೊಡ್ಡ ಬ್ಯಾನರ್ ಕಟ್ಟಿಸಿದ: "ಕೊಟ್ಟ ಮಾತು ಉಳಿಸಿಕೊಂಡ ನಿಮ್ಮ ಮೆಂಬರ್ರ ಕೊಡುಗೆ."

ಶೂಟಿಂಗ್‌ಗೆ ಅಡ್ಡ ಬಂದರೆ ಎಂದು ಆರ್ಟ್ ಡೈರೆಕ್ಟರ್ ಹೆದರಿದ್ದ. ಡೈರೆಕ್ಟರ್ ನೋಡಿ, "ಬಿಡ್ರಿ, ಇದನ್ನ ನಾನು ಬರೆದಿದ್ರೆ ಓವರ್ ಅಂತಿದ್ರು" ಅಂದರು.

ಆಗಸ್ಟ್ 2, ಶುಕ್ರವಾರ

ಚಿಕ್ಕಜ್ಜಿಗೆ ಕಣ್ಣಿನ ಆಪರೇಷನ್ ಆಯಿತು. ಇಷ್ಟು ದಿನ ಒಲ್ಲೆ ಅನ್ನುತ್ತಿದ್ದಳು, ನೋಡಿಕೊಳ್ಳಲು ಯಾರೂ ಇಲ್ಲವೆಂದು. ಈಗ ಅಜ್ಜಿ ದಿನಕ್ಕೆ ಎಷ್ಟೋ ಸಲ ಸೇತುವೆ ದಾಟಿ ಹೋಗಿ ಡ್ರಾಪ್ಸ್ ಹಾಕುತ್ತಾಳೆ. ತಿಂಗಳುಗಟ್ಟಲೆ ಹಾಕಬೇಕಂತೆ, ತಪ್ಪಿಸಿದರೆ ಇನ್ಫೆಕ್ಷನ್ ಎಂದು ಡಾಕ್ಟರ್ ಹೆದರಿಸಿದ್ದಾರೆ. ನಾನು ಹಾಕುತ್ತೇನೆ ಎಂದರೆ ಚಿಕ್ಕಜ್ಜಿ ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತಾಳೆ. ಅಕ್ಕನ ಕೈ ಮಾತ್ರ ಬೇಕು.

ಮಧ್ಯಾಹ್ನ ಮೆಗಾಫೋನ್ ಅಕ್ಕ ಮೆಗಾಫೋನ್ ಇಲ್ಲದೆ ಬಂದು ಪಕ್ಕ ಕುಳಿತಾಗಲೇ ನನಗೆ ಏನೋ ಕೆಟ್ಟದ್ದೆಂದು ಅನಿಸಿತು. ಕ್ಲೈಮ್ಯಾಕ್ಸ್‌ನಲ್ಲಿ ಸೇತುವೆ ಬೀಳುತ್ತದಂತೆ. ಸಿನಿಮಾ ಮೆಂಬರ್ ಉದ್ಘಾಟನೆ ಮಾಡುತ್ತಿದ್ದಂತೆ ದಬಾರ್ ಎಂದು ಮೋರಿಯೊಳಗೆ. ಅದೇ ಕಾಮಿಡಿ. ಈ ಭಾನುವಾರವಲ್ಲ, ಅದರ ಮುಂದಿನದು, ಬೆಳಿಗ್ಗೆ ಹನ್ನೊಂದು ಗಂಟೆಗೆ.

"ಬೀಳಿಸದೆ ಬಿದ್ದ ಹಾಗೆ ತೋರಿಸೋಕೆ ಆಗಲ್ವಾ?"

"ಆಗ್ತಿತ್ತು. ಇದೇ ಚೀಪ್ ಅಂತೆ."

ಅಜ್ಜಿಗೆ ಹೇಳಿದೆ. ಡ್ರಾಪ್ಸ್ ಬಾಟಲಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಸೇತುವೆ ಕಡೆ ಹೊರಟುಹೋದಳು.

ಆಗಸ್ಟ್ 4, ಭಾನುವಾರ

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಇವತ್ತು ಶೂಟಿಂಗ್ ರಜೆ. ಮೆಂಬರ್ರು ಬಸ್ ಸ್ಟಾಪಿನ ಹತ್ತಿರ ಯಾವುದೋ ಅಂಗಡಿ ಉದ್ಘಾಟಿಸಲು ಬರುತ್ತಾರೆಂದು ಗೊತ್ತಾಗಿ, ಸಿನಿಮಾದವರು ಸೇತುವೆ ಕೆಡವದಂತೆ ತಡೆಯಿರಿ ಎಂದು ಕೇಳಲು ಬೀದಿಯವರೆಲ್ಲ ಸೇರಿ ಕಾರು ಅಡ್ಡಗಟ್ಟಿದೆವು. ನಿಜವಾದ ಹೋರಾಟ. ಏನು ಕೂಗಿದರು ಅಂತೀರಿ! ದೊಡ್ಡಪ್ಪನ ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು. ಇಸ್ತ್ರಿಯವನು ಬಾನೆಟ್ ಮೇಲೆಯೇ ಮಲಗಿಬಿಟ್ಟ. ಕಾರಿನೊಳಗೆ ಮೆಂಬರ್ರ ಮುಖ ಬಿಳಿಚಿಕೊಂಡಿತು. ನಾವು ಗೆದ್ದೆವು ಎಂದುಕೊಂಡೆ.

ಆಗ ಪಿ.ಎ. ಕೆಳಗಿಳಿದ. ಶೂಟಿಂಗ್ ನೋಡಲು ಅವನು ದಿನಾ ಬರುತ್ತಿದ್ದದ್ದು ನಮಗ್ಯಾರಿಗೂ ನೆನಪಾಗಲಿಲ್ಲ. ಎರಡೂ ಕೈಗಳನ್ನು ಬಾಯಿಗೆ ಕೊಳವೆ ಮಾಡಿಕೊಂಡು ಒಂದೇ ಒಂದು ಮಾತು ಕೂಗಿದ.

"ಕಟ್!"

ಎಲ್ಲರೂ ನಿಲ್ಲಿಸಿದರು. ಬಾನೆಟ್ಟಿನಿಂದ ಇಸ್ತ್ರಿಯವನು ಇಳಿದು ಅಂಗಿ ಸರಿಮಾಡಿಕೊಂಡ. ದೊಡ್ಡಪ್ಪ ಗಂಟಲು ಸವರಿಕೊಂಡು, "ಹೆಂಗಿತ್ತು?" ಎಂದು ಕೇಳಿದರು. ಇಡೀ ಬೀದಿ ಸಾಲಾಗಿ ಟೀ ಡ್ರಮ್ ಇರುವ ಜಾಗಕ್ಕೆ ನಡೆಯಿತು. ಅಲ್ಲಿ ಡ್ರಮ್ ಇರಲಿಲ್ಲ. ಇವತ್ತು ರಜೆಯಲ್ಲವೇ. ಡ್ರಮ್ ಇಲ್ಲದ್ದು ನೋಡಿ ತಲೆಗೆ ಹೊಳೆದು ತಿರುಗಿ ಓಡುವಷ್ಟರಲ್ಲಿ ಕಾರೂ ಇರಲಿಲ್ಲ.

ನಾನು ಏನು ಮಾಡಿದೆ? ಪೆನ್ ತೆಗೆದು ಯಾರು ಎಲ್ಲಿ ನಿಂತಿದ್ದರೆಂದು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದೆ.

ಆಗಸ್ಟ್ 5, ಸೋಮವಾರ

ಬೀದಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಕಾಲೇಜಿಗೆ ಹೋಗಲಿಲ್ಲ.

ಆಗಸ್ಟ್ 6, ಮಂಗಳವಾರ

ಅಜ್ಜಿಯ ಜೊತೆ ಡ್ರಾಪ್ಸ್‌ಗೆ ಹೋಗಿದ್ದೆ. ಸೇತುವೆಯ ನಡುವೆ ಬ್ಯಾನರಿನಲ್ಲಿ ಮೆಂಬರ್ರು ನಗುತ್ತಿದ್ದರು. ನಾನು ಕೋಪದಿಂದ, "ಇನ್ನೊಂದು ಸಲ ಅಡ್ಡಗಟ್ಟೋಣ. ಸರಿಯಾಗಿ ಬೈಯೋಣ" ಅಂದೆ.

"ಬೈದ್ರೆ ಅವನಿಗೇನು, ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಮೂರು ಎಲೆಕ್ಷನ್ನಿಂದ ಬೈಸ್ಕೊಂಡು ಬೈಸ್ಕೊಂಡು ಚರ್ಮ ದಪ್ಪ ಆಗಿದೆ" ಅಂದಳು ಅಜ್ಜಿ.

"ಮತ್ತೇನು ಮಾಡೋದು?"

"ಹೊಗಳಿ ನೋಡಿದೀರಾ ಯಾರಾದ್ರೂ?"

ನಾನು ನಕ್ಕೆ. ಅಜ್ಜಿ ನಗಲಿಲ್ಲ. "ನಿಮ್ಮ ತಾತನಿಗೆ ಒಂದಿನ ಮನೆ ಸುಣ್ಣ ಹೊಡಿ ಅಂದ್ರೆ ಹೊಡೀತಿರ್ಲಿಲ್ಲ. ಅಕ್ಕಪಕ್ಕದವ್ರಿಗೆಲ್ಲ 'ನಮ್ಮೋರು ನಾಳೆ ಸುಣ್ಣ ಹೊಡೀತಾರೆ, ಎಂಥಾ ಕೆಲ್ಸಗಾರ್ರು ಗೊತ್ತಾ' ಅಂತ ಹೇಳ್ಕೊಂಡು ಬಂದೆ. ಬೆಳಿಗ್ಗೆ ಎದ್ದು ಬೈಕೊಂಡು ಹೊಡೆದ್ರು."

ನಾನು ಬ್ಯಾನರನ್ನು ಮತ್ತೊಮ್ಮೆ ಓದಿದೆ. ನಿಮ್ಮ ಮೆಂಬರ್ರ ಕೊಡುಗೆ. ಬರೆಸಿದ್ದು ಅವರೇ. ಸಿನಿಮಾದವರು ಭಾನುವಾರ ಕೆಡವುವುದು ಯಾರ ಸೇತುವೆಯನ್ನು ಹಾಗಾದರೆ?

ಓಡಿಬಂದು ದೊಡ್ಡಪ್ಪನಿಗೆ ಹೇಳಿದೆ. ದೊಡ್ಡಪ್ಪ ಹೊಲಿಗೆಯಿಂದ ತಲೆ ಎತ್ತದೆ ಪೂರ್ತಿ ಕೇಳಿದರು. ಆಮೇಲೆ, "ಹಾಸ್ಟೆಲ್ಲಲ್ಲಿ ನಿಮಗೆ ಇದನ್ನೆಲ್ಲ ಕಲಿಸ್ತಾರಾ?" ಅಂದರು.

ಆಗಸ್ಟ್ 8, ಗುರುವಾರ

ಮೂರು ಜನ ಹೋಗಿ ಪಿ.ಎ.ಯನ್ನು ಕಂಡೆವು. ಭಾನುವಾರ ನಡೆದದ್ದಕ್ಕೆ ಬೀದಿಯ ಪರವಾಗಿ ಕ್ಷಮೆ ಕೇಳಿದೆ. ಕ್ಷಮೆ ಕೇಳುವುದರಲ್ಲಿ ನನಗಿರುವ ಎಕ್ಸ್‌ಪೀರಿಯನ್ಸ್ ಈ ಊರಿನಲ್ಲಿ ಯಾರಿಗೂ ಇಲ್ಲ. ಸೇತುವೆ ಕಟ್ಟಿಸಿಕೊಟ್ಟ ಮೆಂಬರ್ರಿಗೆ ಸೇತುವೆಯ ಮೇಲೆಯೇ ಸನ್ಮಾನ ಎಂದೆವು. ಪಿ.ಎ.ಯ ಕೂಲಿಂಗ್ ಗ್ಲಾಸ್ ತಲೆಯಿಂದ ಜಾರಿ ಮೂಗಿಗೆ ಬಂತು. "ಪೇಪರ್‌ನವ್ರು?" ಅಂದ. ನಮಗೆ ಯಾರೂ ಗೊತ್ತಿಲ್ಲ ಎಂದೆ. "ಅದನ್ನ ನನಗೆ ಬಿಡಿ, ಎಲ್ಲಾರ್ನೂ ನಾನೇ ಕರೀತೀನಿ" ಅಂದ.

ಹನ್ನೊಂದಕ್ಕೆ ಶೂಟಿಂಗ್ ಇರುವುದು ಅವನಿಗೂ ಗೊತ್ತು. ಅದಕ್ಕೇ ಸನ್ಮಾನ ಹತ್ತಕ್ಕೆ ಇಡಿಸಿದ. ಫೋಟೋ ತೆಗೆಸಿಕೊಂಡು ಸಾಹೇಬರು ಕಾರು ಹತ್ತಿದ ಮೇಲೆ ಸೇತುವೆ ಇದ್ದರೆಷ್ಟು, ಬಿದ್ದರೆಷ್ಟು ಎಂದು ಅವನ ಲೆಕ್ಕಾಚಾರ.

ಆಗಸ್ಟ್ 11, ಭಾನುವಾರ

ಸೇತುವೆಯ ಮೇಲೆ ಹೂಗುಚ್ಛ, ಎರಡು ಕುರ್ಚಿ, ಮೈಕು. ಮೆಂಬರ್ರು ಹೊಸ ಬಿಳಿ ಬಟ್ಟೆಯಲ್ಲಿ ಬಂದರು. ಪಿ.ಎ. ಮಾತು ಉಳಿಸಿಕೊಂಡಿದ್ದ, ಪೇಪರ್‌ನವರ ದೊಡ್ಡ ದಂಡೇ ಬಂದಿತ್ತು. ದಂಡೆಯ ಮೇಲೆ ಸಿನಿಮಾದವರು ಕ್ಲೈಮ್ಯಾಕ್ಸ್‌ಗೆ ಕ್ಯಾಮೆರಾ ಹೂಡಿ, ಸೇತುವೆಯ ಕಾಲಿಗೆ ಎಳೆಯುವ ಹಗ್ಗ ಬಿಗಿದು, ಯಾವಾಗ ಮುಗಿಸುತ್ತಾರೋ ಎಂದು ಕಾಯುತ್ತಿದ್ದರು.

ಸ್ವಾಗತ ದೊಡ್ಡಪ್ಪನದು. ಎರಡು ದಿನ ಪ್ರಾಕ್ಟೀಸ್ ಮಾಡಿದ್ದರು. ಮೈಕ್ ಹಿಡಿದರು, ಎದುರಿಗಿದ್ದ ಮೆಂಬರ್ರನ್ನು ನೋಡಿದರು, ಬಾಯಿ ತೆರೆದರು.

"ಮೆಂಬರ್ರಿಗೆ..."

"ಧಿಕ್ಕಾರ!" ಎಂದು ಇಡೀ ಬೀದಿ ಕೂಗಿತು.

ಸತ್ತೆವು ಎಂದುಕೊಂಡೆ. ಮೆಂಬರ್ರು ಕುರ್ಚಿಯಿಂದ ಅರ್ಧ ಎದ್ದರು. ದೊಡ್ಡಪ್ಪ ಮೈಕನ್ನು ಬಿಸಿ ಪಾತ್ರೆಯಂತೆ ನನ್ನ ಕೈಗೆ ಹಾಕಿ ಹಿಂದೆ ಸರಿದರು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆಚೆ ದಡದಲ್ಲಿ ಕರಿ ಕನ್ನಡಕ ಹಾಕಿಕೊಂಡ ಚಿಕ್ಕಜ್ಜಿ, ಅವಳ ಪಕ್ಕ ಅಜ್ಜಿ.

"ಎಕ್ಸ್‌ಕ್ಯೂಸ್ ಮಿ," ಎಂದೆ. "ಸರ್, ದಯವಿಟ್ಟು ಕೂತ್ಕೊಳ್ಳಿ. ನಮ್ಮ ಬೀದಿಯವರಿಗೆ ಧಿಕ್ಕಾರ ಮಾತ್ರ ಅಭ್ಯಾಸ ಇದೆ, ಯಾಕಂದ್ರೆ ಈವರೆಗೆ ಜೈ ಅನ್ನೋ ಚಾನ್ಸ್ ಯಾರೂ ಕೊಟ್ಟಿರ್ಲಿಲ್ಲ. ನೀವೇ ಮೊದಲು."

ಪೇಪರ್‌ನವರು ನಕ್ಕರು. ಮೆಂಬರ್ರೂ ನಕ್ಕು ಕುಳಿತರು. ಆಮೇಲೆ ನಾನು ಹೊಗಳಿದೆ. ಎಷ್ಟು ಹೊಗಳಿದೆ ಅಂದರೆ ಅವರೇ ಪಿ.ಎ. ಕಡೆ ತಿರುಗಿ ನಾನು ಹೇಳುತ್ತಿರುವುದು ಯಾರ ಬಗ್ಗೆ ಎಂಬಂತೆ ನೋಡಿದರು. ಈ ಸೇತುವೆ ಬಂದ ಮೇಲೆ ಅಕ್ಕ ತಂಗಿ ಮುಖ ನೋಡಿದ್ದು, ಕಣ್ಣಿಗೆ ಔಷಧಿ ಬಿದ್ದದ್ದು, ಕಾಲೇಜಿಗೆ ನಾನು ಟೈಮಿಗೆ ಮುಟ್ಟಿದ್ದು, ಎಲ್ಲ ಹೇಳಿದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

"ಆದ್ರೆ ಸರ್, ಒಂದು ಸಣ್ಣ ಕನ್ಫ್ಯೂಷನ್ ಇದೆ. ಅಲ್ಲಿ ನಿಂತಿದಾರಲ್ಲ, ಸಿನಿಮಾದವರು, ಇದು ನಮ್ಮ ಸೇತುವೆ, ಹನ್ನೊಂದು ಗಂಟೆಗೆ ಕೆಡವ್ತೀವಿ ಅಂತಿದಾರೆ. ನೀವು ಕಟ್ಟಿಸಿದ್ದು ಅಂತ ನಾವೆಷ್ಟು ಹೇಳಿದ್ರೂ ನಂಬ್ತಾ ಇಲ್ಲ. ಪ್ಲೀಸ್ ಸರ್, ಪೇಪರ್‌ನವ್ರ ಮುಂದೆ ನೀವೇ ಒಂದು ಮಾತು ಹೇಳಿಬಿಡಿ. ಇದು ಯಾರ ಸೇತುವೆ?"

ಮೈಕನ್ನು ಅವರ ಬಾಯಿ ಹತ್ತಿರ ಹಿಡಿದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಮುಖ ಹೇಗಿರುತ್ತದೆಂದು ಇವತ್ತು ಹತ್ತಿರದಿಂದ ನೋಡಿದೆ. ಅವರು ಬ್ಯಾನರ್ ನೋಡಿದರು. ಪೇಪರ್‌ನವರ ಪೆನ್ನುಗಳನ್ನು ನೋಡಿದರು. ಪಿ.ಎ. ಎರಡೂ ಕೈಗಳನ್ನು ಬಾಯಿಗೆ ಕೊಳವೆ ಮಾಡಿಕೊಂಡ. ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ ದಂಡೆಯ ಮೇಲಿಂದ ಮೆಗಾಫೋನ್ ಅಕ್ಕನ ದನಿ ಮೋರಿಯ ಎರಡೂ ದಡಕ್ಕೆ ಕೇಳುವಂತೆ ಬಂತು: "ಇಲ್ಲಿ ಕಟ್ ಹೇಳೋ ಅಧಿಕಾರ ನಮ್ಮ ಡೈರೆಕ್ಟರ್‌ಗೆ ಮಾತ್ರ!"

ಡೈರೆಕ್ಟರ್ ಕಟ್ ಹೇಳಲಿಲ್ಲ. ಕ್ಯಾಮೆರಾ ಓಡುತ್ತಿತ್ತು.

"ನಂದೇ," ಅಂದರು ಮೆಂಬರ್ರು. ಕೇಳಿಸಲಿಲ್ಲ ಎಂದು ಅಜ್ಜಿ ಆಚೆ ದಡದಿಂದ ಕೂಗಿದಳು. ಇಷ್ಟು ವರ್ಷದ ಅಭ್ಯಾಸ ಸುಮ್ಮನೆ ಹೋಗುತ್ತದೆಯೇ.

"ನಂದೇ! ನಾನೇ ಕಟ್ಸಿದ್ದು! ಯಾವನು ಕೆಡವ್ತಾನೋ ನೋಡ್ತೀನಿ!"

ಬೀದಿ ಚಪ್ಪಾಳೆ ತಟ್ಟಿತು. ನಾನು ಥ್ಯಾಂಕ್ಯೂ ಹೇಳಿ, "ಹಾಗಾದ್ರೆ ಎಲ್ರೂ ಬನ್ನಿ, ಮೆಂಬರ್ರ ಜೊತೆ ಅವರ ಸೇತುವೆ ಮೇಲೆ ಒಂದು ಗ್ರೂಪ್ ಫೋಟೋ" ಅಂದೆ. ಎರಡೂ ದಡದವರು ನುಗ್ಗಿದರು. ನಲವತ್ತು ಜನರ ಸೇತುವೆಯ ಮೇಲೆ ಅದರ ಮೂರರಷ್ಟು ಜನ. ಹಲಗೆಗಳು ಕಿರ್ ಎಂದವು. ಮೆಂಬರ್ರು ನನ್ನ ತೋಳು ಹಿಡಿದುಕೊಂಡರು.

"ಇದು... ಗಟ್ಟಿ ಇದೆಯೇನಮ್ಮಾ?"

"ನಿಮಗೇ ಗೊತ್ತಿರ್ಬೇಕು ಸರ್."

ಇನ್ನೊಂದು ಸಲ ಕಿರ್ ಎಂದಿತು. "ನಾಳೆ," ಅಂದರು ಮೆಂಬರ್ರು, ಪೇಪರ್‌ನವರ ಕಡೆ ತಿರುಗಿ, ಬಹಳ ಜೋರಾಗಿ, "ನಾಳೇನೇ ಎಂಜಿನಿಯರ್ ಬರ್ತಾರೆ! ಕೆಳಗೆ ಸಿಮೆಂಟ್ ಕಂಬ ಹಾಕಿಸ್ತೀನಿ! ಎರಡನೇ ಹಂತ! ಈಗ ಎಲ್ರೂ ನಿಧಾನವಾಗಿ ಇಳೀರಪ್ಪಾ!"

ಡೈರೆಕ್ಟರ್ ಖುಷಿಯಿಂದ ಟೋಪಿ ತೆಗೆದು ಮೇಲಕ್ಕೆಸೆದರು. ಇಂಥ ಮುಖಭಾವ ತನ್ನ ನಟನಿಂದ ಎಷ್ಟು ಟೇಕ್ ತೆಗೆದರೂ ಬರುತ್ತಿರಲಿಲ್ಲವಂತೆ. ಇದೇ ಕ್ಲೈಮ್ಯಾಕ್ಸ್. ಸಿನಿಮಾ ಮೆಂಬರ್ ಮಾತ್ರ ಮೇಕಪ್ ಹಾಕಿಕೊಂಡು ಬೆಳಿಗ್ಗೆಯಿಂದ ಕಾದದ್ದು ವ್ಯರ್ಥವಾಯಿತೆಂದು ಮುನಿಸಿಕೊಂಡು ವ್ಯಾನಿನಲ್ಲಿ ಕುಳಿತರು. ದೊಡ್ಡಮ್ಮ ಹೋಗಿ "ಛೆ ಛೆ" ಅಂದು ಬಂದಳು.

ಆಗಸ್ಟ್ 23, ಶುಕ್ರವಾರ

ಸಿನಿಮಾದವರು ಹೋದರು. ಕಂಬದ ಕೆಲಸ ನಡೆಯುತ್ತಿದೆ, ಪೇಪರ್‌ನವರು ದಿನಾ ಫೋನ್ ಮಾಡಿ ಕೇಳುವುದರಿಂದ. ಅಜ್ಜಿ ಎರಡು ದಿನದಿಂದ ಚಿಕ್ಕಜ್ಜಿ ಮನೆಯಲ್ಲೇ ಮಲಗುತ್ತಿದ್ದಾಳೆ. ಈಗ ಅವರು ಪಿಸುಪಿಸು ಮಾತಾಡುತ್ತಾರೆ, ಏನೊಂದೂ ತಿಳಿಯುವುದಿಲ್ಲ ಎಂದು ಬೀದಿಯವರಿಗೆ ಬಹಳ ಅಸಮಾಧಾನ.

ಕಾಲೇಜ್ ಹಾಸ್ಟೆಲ್‌ನಿಂದ ರೂಮ್ ಖಾಲಿ ಇದೆಯೆಂದು ಮೆಸೇಜ್ ಬಂದಿತ್ತು. ಮೊನ್ನೆಯೋ ಆಚೆ ಮೊನ್ನೆಯೋ. ರಿಪ್ಲೈ ಮಾಡುವುದು ಮರೆತೇಹೋಗಿದೆ.

ಸೆಪ್ಟೆಂಬರ್ 2, ಸೋಮವಾರ

ತುಂಬ ದಿನವಾಯಿತು ಬರೆದು. ಪುರುಸೊತ್ತಿಲ್ಲ.

ಗೋಡೌನ್ ಆಚೆಯ ವಾರ್ಡಿನಿಂದ ಐದಾರು ಹೆಂಗಸರು ಮನೆ ಹುಡುಕಿಕೊಂಡು ಬಂದಿದ್ದರು. "ಸನ್ಮಾನ ಮಾಡ್ಸೋ ಹುಡುಗಿ ಇರೋದು ಇಲ್ಲೇನಾ?" ಅವರ ಬೀದಿಯಲ್ಲಿ ದೀಪವಿಲ್ಲ. ಅವರ ಮೆಂಬರ್ರಿಗೂ ಒಂದು ಸನ್ಮಾನ ಆಗಬೇಕಂತೆ, ಬೀದಿ ದೀಪ ಹಾಕಿಸಿದ್ದಕ್ಕೆ.

"ಹಾಕ್ಸಿದಾರಾ?"

"ಇಲ್ಲ. ಅದಕ್ಕೇ."

ಚಾಪೆ ಹಾಸಿ ಕೂರಿಸಿದೆ. ಯಾವ ಜಾಗ, ಎಷ್ಟು ಜನ, ಮೊದಲು ಯಾರು ಮಾತಾಡಬೇಕು, ಎಲ್ಲ ಕೇಳಿಕೊಂಡೆ. ಅವರಲ್ಲಿ ಒಬ್ಬಾಕೆ ಮಾತ್ರ ಸಪ್ಪೆ ಮುಖ ಮಾಡಿ ಕುಳಿತಿದ್ದಳು.

"ಸುದ್ದಿ ಅವರಿಗೆ ಹೆಂಗೋ ಗೊತ್ತಾಗಿದೆ ಕಣಮ್ಮ. ಸನ್ಮಾನ ಅಂದ ತಕ್ಷಣ ಮನೆಗೆ ಬೀಗ ಹಾಕ್ಕೊಂಡು ಎಲ್ಲಿಗೋ ಹೊರಟು ಹೋಗಿದಾರೆ. ಈಗೇನು ಮಾಡೋದು?"

"ಪರವಾಗಿಲ್ಲ ಬಿಡಿ," ಅಂದೆ. "ವಾಪಸ್ ಬರ್ತಾರಲ್ಲ, ಸ್ವಾಗತ ಸಮಾರಂಭ ಇಟ್ಕೊಳ್ಳೋಣ."